ಹನ್ನೆರಡನೇ ತಾರೀಖಿನ ಸಾಕ್ಷಿ

ಎಂಟು ದಿನದಿಂದ ಲೈಬ್ರರಿ ಕಡೆ ಸುಳಿಯದವಳು ಮಧುಗಿರಿ ಕೋರ್ಟಿನ ವರಾಂಡದಲ್ಲಿ ಕರಿಕೋಟು ತೊಟ್ಟು ನಿಂತಿದ್ದಳು.

ಮುದ್ದಪ್ಪನಿಗೆ ಹೋದ ಜೀವ ಬಂದಂತಾಯಿತು. ತಮ್ಮಿಬ್ಬರ ವಿಷಯ ಮನೆಯವರಿಗೆ ಗೊತ್ತಾಗಿ ಅವಳನ್ನು ಕೂಡಿಹಾಕಿದ್ದಾರೆ ಎಂದುಕೊಂಡು ಅವನು ಎಂಟು ದಿನ ಹಾಸ್ಟೆಲಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಈಗ ನೋಡಿದರೆ ಇಲ್ಲೇ, ಹತ್ತು ಮಾರು ದೂರದಲ್ಲಿ. ಕೋಟಿನ ತೋಳು ಉದ್ದವಾಗಿ ಬೆರಳ ತುದಿಯಷ್ಟೇ ಕಾಣುತ್ತಿತ್ತು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಫೈಲಿಗೆ ಬಗ್ಗಿದಾಗಲೆಲ್ಲ ಜಾರಿ ಕೆನ್ನೆಗೆ ಬರುತ್ತಿತ್ತು.

“ಏನ್ ಲಾಯರಮ್ಮ, ಕೋಟೊಳಗೆ ನೀನಿದ್ಯೋ, ಕೋಟೊಂದೇ ಬಂದೈತೋ?” ಎಂದ ಹತ್ತಿರ ಹೋಗಿ.

ಗಂಗಲಕ್ಷ್ಮಿ ತಲೆಯೆತ್ತಿದಳು. ಅಭ್ಯಾಸಬಲದಿಂದ ತುಟಿಯಂಚು ನಗಲು ಹೊರಟು ಅರ್ಧಕ್ಕೇ ನಿಂತಿತು.

“ನೀವು ಎರಡನೇ ಸಾಕ್ಷಿ ಅಲ್ವಾ? ಸಾಕ್ಷಿಗಳು ಆ ಕಡೆ ಬೆಂಚಲ್ಲಿ ಕೂತ್ಕೋಬೇಕು.”

ನೀವು! ಎರಡು ವರ್ಷದಿಂದ ಆ ಬಾಯಲ್ಲಿ ಅವನು ‘ನೀನು’ ಆಗಿದ್ದ. ಅವಳ ಫೈಲಿನ ಮೇಲಿದ್ದ ಹೆಸರು ಆಗ ಕಣ್ಣಿಗೆ ಬಿತ್ತು: ಆರೋಪಿ ಸಣ್ಣರಂಗಯ್ಯ. ಮುದ್ದಪ್ಪ ಸಾಕ್ಷಿ ಹೇಳಲು ಬಂದಿದ್ದ ಕೇಸೂ ಅದೇ; ಅವಳು ಆರೋಪಿ ಪರ.

ಎರಡು ವರ್ಷದ ಹಿಂದೆ, ಅಂದರೆ ಎಂಬತ್ತರಲ್ಲಿ, ಮುದ್ದಪ್ಪ ಲೈಬ್ರರಿಯಲ್ಲಿ ಕೂತು ದಂಡ ಸಂಹಿತೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ. ಬಿ.ಎ. ಮುಗಿಸಿದ ಗೊಲ್ಲರಹಟ್ಟಿಯ ಹುಡುಗ. ಸಬ್ ಇನ್ಸ್‌ಪೆಕ್ಟರ್ ಆಗಬೇಕು, ಪುಸ್ತಕ ಕೊಳ್ಳುವ ಶಕ್ತಿಯಿಲ್ಲ. ಎದುರು ಕೂತಿದ್ದ ಹುಡುಗಿ ತಲೆಕೆಳಗಾಗಿಯೇ ಅದನ್ನು ಓದಿ, “ಕಳ್ಳತನದ ಸೆಕ್ಷನ್ನಲ್ಲಿ ‘ಅಪ್ರಾಮಾಣಿಕವಾಗಿ’ ಅನ್ನೋ ಪದಾನೇ ಬಿಟ್ಟಿದೀರ. ಹಿಂಗಾದ್ರೆ ಎಮ್ಮೆ ಹೊಡ್ಕೊಂಡು ಹೋದೋರನ್ನೆಲ್ಲ ಒಳಗೆ ಹಾಕ್ತೀರ” ಎಂದಿದ್ದಳು. ತುಮಕೂರಿಗೆ ಬಸ್ಸಲ್ಲಿ ಹೋಗಿಬಂದು ಎಲ್.ಎಲ್.ಬಿ. ಓದುತ್ತಿದ್ದವಳು. ಮರುದಿನ ತನ್ನ ಪುಸ್ತಕವನ್ನೇ ತಂದುಕೊಟ್ಟಳು.

ಅಲ್ಲಿಂದ ದಿನಾ ಒಂದು ಆಟ. ಅವನು ಎಸ್ಐ, ಅವಳು ಆರೋಪಿ ಪರ ವಕೀಲೆ. ಅವಳು ಪಾಟೀ ಸವಾಲು ಹಾಕುವುದು, ಅವನು ಸಿಕ್ಕಿಬೀಳುವುದು. ಪೆನ್ಸಿಲ್ಲನ್ನು ಕೆಳತುಟಿಗೆ ಒತ್ತಿ, ಕಣ್ಣು ಕಿರಿದು ಮಾಡಿ ಅವಳು ಮುಂದಿನ ಪ್ರಶ್ನೆ ಹುಡುಕುವಾಗ ಅವನು ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದ, ಆಟ ಬೇಗ ಮುಗಿಯದಿರಲಿ ಎಂದು. ಅವಳು ವೀರಭದ್ರಯ್ಯ ವಕೀಲರ ಬಳಿ ಜೂನಿಯರ್ ಆದಮೇಲೂ ಸಂಜೆಯ ಆಟ ನಿಲ್ಲಲಿಲ್ಲ.

ಈಗ ಸಾಕ್ಷಿಗಳ ಬೆಂಚಿನ ಮೇಲೆ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಅಡವಯ್ಯ ಅವನ ಪಕ್ಕ ಜರುಗಿದ.

“ಲೇ, ಬಾಯಿಪಾಠ ಮಾಡ್ಕೊ. ಮಾರ್ಚ್ ಹನ್ನೆರಡು, ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸಣ್ಣರಂಗನ ಹುಲ್ಲಿನ ಬಣವೆ ಕೆದಕಿದ್ವಿ, ಕದ್ದ ಪಂಪ್‌ಸೆಟ್ ಮೋಟಾರು ಸಿಗ್ತು. ನೀನು ಕಣ್ಣಾರೆ ನೋಡ್ದೆ, ಮಹಜರಿಗೆ ಸೈನ್ ಹಾಕ್ದೆ. ಅಷ್ಟೇ ಕಣ್ಲಾ.”

ಮಾರ್ಚ್ ತಿಂಗಳಲ್ಲಿ ಮುದ್ದಪ್ಪ ಎಫ್ಐಆರ್ ಬರೆಯುವುದನ್ನು ಕಲಿಯಲೆಂದು ಠಾಣೆಯಲ್ಲಿ ಕೂರುತ್ತಿದ್ದ. ಅಡವಯ್ಯ ಒಂದು ಮಧ್ಯಾಹ್ನ ಖಾಲಿ ಹಾಳೆ ಮುಂದಿಟ್ಟು, “ಹಾಕಪ್ಪ ಸೈನು. ನಾಳೆ ಇನ್ಸ್‌ಪೆಕ್ಟರಾದ್ರೆ ನೀನೂ ಇಂಗೇ ಹಾಕುಸ್ಕಂತೀಯ” ಎಂದು ನಕ್ಕಿದ್ದ. ಇವನೂ ನಕ್ಕು ಹಾಕಿದ್ದ. ಆ ಹಾಳೆಗೆ ಯಾವ ತಾರೀಖು ಬಿತ್ತೆಂದು ಗೊತ್ತಾಗಿದ್ದು ಈಗ.

ಮಾರ್ಚ್ ಹನ್ನೆರಡು, ಶುಕ್ರವಾರ. ಅವತ್ತು ಅವನು ಯಾವ ಬಣವೆಯ ಬಳಿಯೂ ಇರಲಿಲ್ಲ. ಎಸ್ಐ ಪರೀಕ್ಷೆ ಪಾಸಾದ ಖುಷಿಗೆ ಗೊರವನಹಳ್ಳಿ ಬಸ್ಸು ಹತ್ತಿದ್ದ, ಗಂಗಲಕ್ಷ್ಮಿಯ ಜೊತೆ. ಬಸ್ಸಿನಲ್ಲಿ ಬೇರೆ ಬೇರೆ ಸೀಟು, ದೇವಸ್ಥಾನದ ಸಾಲಿನಲ್ಲಿ ಹಿಂದೆ ಮುಂದೆ. ಊಟದ ಎಲೆಯ ಮುಂದೆ ಮಾತ್ರ ಪಕ್ಕಪಕ್ಕ. ಪಾಯಸ ಬಡಿಸುವವರು ಅತ್ತ ತಿರುಗಿದಾಗ ಅವಳ ಕಿರುಬೆರಳು ಬಂದು ಅವನ ಕಿರುಬೆರಳನ್ನು ಹಿಡಿದಿತ್ತು. ಅಷ್ಟೇ. ಸಂಜೆವರೆಗೂ ಅವನು ಆ ಕೈ ತೊಳೆದಿರಲಿಲ್ಲ.

ಅವಳಿಗೆ ಎಲ್ಲ ಗೊತ್ತಿದೆ. ಮಹಜರಿನ ಪ್ರತಿ ಕೈಗೆ ಬಂದ ದಿನದಿಂದಲೇ ಗೊತ್ತಿದೆ. ಲೈಬ್ರರಿಗೆ ಬಾರದಿದ್ದುದು ಅದಕ್ಕೇ.

“ಇನ್ನೊಂದು ಮಾತು,” ಎಂದ ಅಡವಯ್ಯ. “ನಿನ್ನ ಎಸ್ಐ ಕೆಲ್ಸಕ್ಕೆ ಬೇಕಾದ ನಡತೆ ರಿಪೋರ್ಟು ನಮ್ಮ ಸಾಹೇಬ್ರ ಟೇಬಲ್ ಮೇಲೈತೆ. ಸಾಕ್ಷಿ ಸರಿಯಾಗಿ ಹೇಳಿದ್ರೆ ಸಾಯಂಕಾಲ ಸೈನಾಗ್ತದೆ. ಇಲ್ಲಾಂದ್ರೆ ಇಲ್ಲ.”

ಕೋರ್ಟ್ ಹಾಲಿನ ಹಿಂದಿನ ಸಾಲಿನಲ್ಲಿ ಅವಳ ಅಪ್ಪ ಮೂಡಲಗಿರಿಯಪ್ಪ ಕೂತಿದ್ದರು. ಮಗಳು ಮೊದಲ ಸಲ ಪಾಟೀ ಸವಾಲು ಮಾಡುವುದನ್ನು ನೋಡಲು ಹೊಲದ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ಅವರನ್ನು ಕಂಡು ಮುದ್ದಪ್ಪನಿಗೆ ಒಂದು ಕೆಟ್ಟ ಧೈರ್ಯ ಬಂತು. ಅಪ್ಪನ ಎದುರು ಇವಳು ಗೊರವನಹಳ್ಳಿಯ ಮಾತು ಎತ್ತುವುದಿಲ್ಲ. ಯಾವ ಹೆಣ್ಣೂ ಎತ್ತುವುದಿಲ್ಲ.

ಕಟಕಟೆ ಹತ್ತಿದ. ಆರೋಪಿಯ ಜಾಗದಲ್ಲಿ ನಿಂತಿದ್ದ ಸಣ್ಣರಂಗಯ್ಯನ ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗಿತ್ತು. ನಾಲ್ಕು ತಿಂಗಳ ಹಿಂದೆ ಠಾಣೆಗೆ ಹೋದಾಗ ಅದು ನೆಟ್ಟಗಿತ್ತಂತೆ. ಕಿಟಕಿಯಾಚೆ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಸರಳು ಹಿಡಿದು ನಿಂತಿದ್ದಳು.

ಸರ್ಕಾರಿ ವಕೀಲರು ಕೇಳಿದರು. ಮುದ್ದಪ್ಪ ಹೇಳಿದ: ಹನ್ನೆರಡನೇ ತಾರೀಖು, ಹನ್ನೊಂದು ಗಂಟೆ, ಬಣವೆ, ಮೋಟಾರು. ಕಣ್ಣಾರೆ ನೋಡಿದೆ. ದನಿ ಎಲ್ಲೂ ತಡವರಿಸಲಿಲ್ಲ. ಎರಡು ವರ್ಷ ಅವಳೇ ತರಬೇತಿ ಕೊಟ್ಟಿದ್ದಳಲ್ಲ.

ಗಂಗಲಕ್ಷ್ಮಿ ಎದ್ದಳು. ಅವನನ್ನು ನೋಡದೆ, ಅವನ ಅಂಗಿಯ ಎರಡನೇ ಗುಂಡಿಯನ್ನು ನೋಡುತ್ತಾ ಶುರು ಮಾಡಿದಳು.

“ಬಣವೆ ಯಾವ ಹುಲ್ಲಿನದು?”

“ರಾಗಿ ಹುಲ್ಲು.”

“ಆರೋಪಿಗೆ ಅಂಗೈಯಗಲ ಹೊಲವೂ ಇಲ್ಲ. ಅದು ಯಾರ ರಾಗಿ?”

ಮುದ್ದಪ್ಪ ಸರ್ಕಾರಿ ವಕೀಲರ ಕಡೆ ನೋಡಿದ.

“ಮಾರ್ಚ್ ಹನ್ನೆರಡರಂದು ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೂ ನೀವು ಗೊರವನಹಳ್ಳಿಯಲ್ಲಿದ್ದಿರಿ. ಖಾಲಿ ಹಾಳೆಗೆ ಸಹಿ ಹಾಕಿದ್ದೀರಿ. ನಿಜವೋ ಸುಳ್ಳೋ?”

ಕೇಳಿಯೇಬಿಟ್ಟಳು. ಮುದ್ದಪ್ಪನ ಕೈ ಕಟಕಟೆಯ ಮರವನ್ನು ಹಿಡಿಯಿತು. ಕಣ್ಣ ಮುಂದೆ ಖಾಕಿ, ಹೆಗಲ ಮೇಲಿನ ನಕ್ಷತ್ರ, ಕುರಿ ಕಾದು ಬಗ್ಗಿದ ಅಪ್ಪನ ಬೆನ್ನು.

“ಸುಳ್ಳು,” ಎಂದ.

“ಇದಕ್ಕೆ ಆಧಾರವೇನಿದೆ ಸ್ವಾಮಿ?” ಸರ್ಕಾರಿ ವಕೀಲರು ಎದ್ದರು. “ಬಾಯಿಗೆ ಬಂದ ಊರಿನ ಹೆಸರು ಹೇಳಿದರೆ ಆಯಿತೇ?”

ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿದರು. “ಏನಮ್ಮಾ, ಆಧಾರ ಇದೆಯೇ?”

“ಇದೆ ಸ್ವಾಮಿ. ಅವತ್ತು ಇವರನ್ನು ಅಲ್ಲಿ ನೋಡಿದ ಸಾಕ್ಷಿ ಒಬ್ಬರಿದ್ದಾರೆ.”

“ಯಾರು?”

ಹಿಂದಿನ ಸಾಲಿನಲ್ಲಿ ಮೂಡಲಗಿರಿಯಪ್ಪ ಹೆಮ್ಮೆಯಿಂದ ಮುಂದೆ ಬಾಗಿದರು. ಗಂಗಲಕ್ಷ್ಮಿ ಮೊದಲ ಸಲ ಮುದ್ದಪ್ಪನ ಕಣ್ಣನ್ನೇ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಬಾವಿಗೆ ಹಾರುವವರು ಒಮ್ಮೆ ನೀರು ನೋಡುತ್ತಾರಲ್ಲ, ಹಾಗೆ. ಅವಳ ತುಟಿ ತೆರೆಯಿತು.

“ಬೇಡ! ನಾನೇ ಹೇಳ್ತೀನಿ ಸ್ವಾಮಿ,” ಮುದ್ದಪ್ಪ ಹೆಚ್ಚುಕಡಿಮೆ ಕೂಗಿದ. “ನಾನು ಬಣವೆ ನೋಡಿಲ್ಲ. ಮೋಟಾರೂ ನೋಡಿಲ್ಲ. ಖಾಲಿ ಹಾಳೆಗೆ ಸೈನ್ ಹಾಕ್ದೆ. ಅವತ್ತು ನಾನು ಗೊರವನಹಳ್ಳೀಲಿದ್ದೆ.”

ಕೋರ್ಟ್ ಹಾಲಿನಲ್ಲಿ ಗುಜುಗುಜು ಎದ್ದಿತು. ಸರ್ಕಾರಿ ವಕೀಲರ ಮುಖ ಕೆಂಪಾಗಿತ್ತು. “ಯಾರ ಜೊತೆಗೆ? ಅದನ್ನೂ ಹೇಳಿಬಿಡಿ.”

“ಒಬ್ಬ ಹುಡುಗಿ ಜೊತೆ. ಮದುವೆ ಅಂತ ಆದ್ರೆ ಅವಳನ್ನೇ ಆಗ್ಬೇಕು ಅಂತಿದ್ದೆ. ಹೆಸರು ಹೇಳಲ್ಲ. ಬೇಕಾದ್ರೆ ನನ್ನನ್ನ ಒಳಗೆ ಹಾಕಿ.”

“ಹೆಸರು ಈ ಕೇಸಿಗೆ ಬೇಕಿಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೆ ಏನು ಮಾಡಬೇಕೋ ಆಮೇಲೆ ನೋಡುತ್ತೇನೆ,” ಎಂದರು ಮ್ಯಾಜಿಸ್ಟ್ರೇಟರು.

ಹೊರಗೆ ಅಡವಯ್ಯ ಅವನ ದಾರಿಗೆ ಅಡ್ಡ ನಿಂತ. “ಮುಗೀತು ಬುಡು ನಿನ್ ಕತೆ. ಹೋಗ್ಲಾ, ನಿಮ್ಮಪ್ಪನ ಕುರಿ ಇನ್ನೂ ಇದ್ರೆ ಮೇಯ್ಸೋಗು.” ಚಿಕ್ಕಲಕ್ಷ್ಮಮ್ಮ ಕೈ ಮುಗಿಯಲು ಬಂದಳು. ಅವನು ಹಿಂದಕ್ಕೆ ಸರಿದ. “ಕೈ ಮುಗೀಬ್ಯಾಡಿ ಅಕ್ಕಯ್ಯ. ನಿಮ್ಮೆಜಮಾನ್ರು ಒಳಗೋಗಿದ್ದು ನನ್ನಿಂದ್ಲೇ.”

ಹುಣಸೆಮರದ ಕೆಳಗೆ ಗಂಗಲಕ್ಷ್ಮಿ ಸಿಕ್ಕಳು. ಅಪ್ಪ ನಾಲ್ಕು ಹೆಜ್ಜೆ ಹಿಂದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

“ನಾನು ಹೇಳೋಳಿದ್ದೆ. ಯಾಕೆ ಬಾಯಿ ಹಾಕ್ದೆ?” ದನಿ ನಡುಗುತ್ತಿತ್ತು, ಸಿಟ್ಟಿಗೆ.

“ನಿಮ್ಮಪ್ಪ ಇದ್ರಲ್ಲ.”

“ನಂಗೂ ಕಣ್ಣೈತೆ. ಅಪ್ಪ ಇದಾರೆ, ಇವಳು ಮಾನಕ್ಕೆ ಹೆದ್ರಿ ಬಾಯಿ ಮುಚ್ಕೊಂತಾಳೆ ಅಂತ್ಲೇ ಅಲ್ವಾ ನೀನು ಮೊದಲು ಸುಳ್ಳು ಹೇಳಿದ್ದು?”

ಅವನು ತಲೆ ತಗ್ಗಿಸಿದ. “ಹೂಂ. ಅದಕ್ಕೇ.”

“ಸೊಟ್ಟಗಾಗಿರೋ ಆ ಕೈ ನೋಡ್ಕೊಂಡೂ ಹೇಳ್ದೆ.”

“ಹೂಂ.”

ಅವಳ ಕಣ್ಣಲ್ಲಿ ನೀರು ತುಂಬಿತು, ಬೀಳಲಿಲ್ಲ. “ಆಮೇಲೆ ಅಷ್ಟು ಜನರ ಮುಂದೆ ಮದುವೆ ಅಂತೀಯ. ನನ್ನನ್ನ ಒಂದು ಮಾತು ಕೇಳ್ದೆ.”

“ಅದೊಂದು ಸುಳ್ಳಲ್ಲ ಗಂಗಾ.”

ಮೂಡಲಗಿರಿಯಪ್ಪ ಹತ್ತಿರ ಬಂದರು. “ಚೆನ್ನಾಗಿ ಕೇಳ್ದೆ ಕಣಮ್ಮ. ಅಲ್ಲ, ಯಾವಳೋ ಆ ಹುಡುಗಿ, ಇಂಥೋನ್ನ ನಂಬ್ಕೊಂಡು ದೇವಸ್ಥಾನ ಸುತ್ತಿರೋಳು? ಅವಳಪ್ಪನಿಗೆ ಗೊತ್ತೈತೋ ಇಲ್ವೋ, ಪಾಪ.”

ಗಂಗಲಕ್ಷ್ಮಿ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡಳು.

“ಈಗ ಗೊತ್ತಾಯ್ತಪ್ಪ. ಆ ಹುಡುಗಿ ನಾನೇ.”

ಮೂಡಲಗಿರಿಯಪ್ಪನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಕೈ ಮೆಲ್ಲಗೆ ಮೇಲೆ ಬಂತು.

ಮುದ್ದಪ್ಪ ಗೇಟಿನ ಕಡೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಆ ಕೈ ತನಗೂ ಎಟುಕುವಷ್ಟು ಹತ್ತಿರ, ಅವಳ ಪಕ್ಕ ನಿಂತ.

“ದೂರ ನಿಲ್ಲು,” ಎಂದಳು ಅವಳು, ಅಪ್ಪನ ಮುಖದಿಂದ ಕಣ್ಣು ತೆಗೆಯದೆ. “ಕೇಸು ಇನ್ನೂ ಮುಗಿದಿಲ್ಲ.”

ಅವನು ಸರಿಯಲಿಲ್ಲ. ಅವಳೂ ಸರಿಯಲಿಲ್ಲ.