ಕಂಚಿನಲ್ಲಿ ಅಜ್ಜಿಯ ಹೆಸರು

"ನಿಲ್ಲಿಸಿ! ಆ ಕಂಚು ಸುರಿದ್ರೆ ನನ್ನಾಣೆ!"

ಎರಕದ ಶೆಡ್ಡಿನ ಬಾಗಿಲಲ್ಲಿ ಅವಳು ಏದುಸಿರು ಬಿಡುತ್ತಾ ನಿಂತಿದ್ದಳು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಅವಳದು. ಬೇರೆಯವರ ತಪ್ಪು ಹಿಡಿದೂ ಹಿಡಿದೂ ಕೋಪ ಮೂಗಿನ ತುದಿಯಲ್ಲೇ!

ಮರಳಿನ ಅಚ್ಚಿನ ಮುಂದೆ ಕೂತಿದ್ದ ಎರಕದವನು ತಲೆ ಎತ್ತಿದ. ಕೆನ್ನೆಯಲ್ಲಿ ಮಸಿ, ಕಣ್ಣಲ್ಲಿ ನಗು.

"ಇನ್ನೂ ಒಲೇನೇ ಹಚ್ಚಿಲ್ಲ ಮೇಡಂ. ಕೂತ್ಕೊಂಡೇ ಬೈಯಿರಿ."

'ಅಯ್ಯೋ, ನಗಬೇಡ ಕಣೇ... ಜಗಳಕ್ಕೆ ಬಂದಿದ್ದೀಯಾ!' ಅವಳು ತುಟಿ ಕಚ್ಚಿಕೊಂಡಳು.

ಊರಿನ ಸಾಧಕರ ನೆನಪಿಗೆ ನಗರಸಭೆ ಹನ್ನೆರಡು ಕಂಚಿನ ಫಲಕ ಹಾಕಿಸುತ್ತಿತ್ತು. ಅದರಲ್ಲೊಂದು ಹಳೇ ಮುದ್ರಣಾಲಯದ ಗೋಡೆಗೆ. ಅವಳ ಅಜ್ಜಿ ಅಲ್ಲಿ ಹಗಲೆಲ್ಲ ಅಚ್ಚುಮೊಳೆ ಜೋಡಿಸಿ, ಸಂಜೆ ಅದೇ ಮೊಳೆಗಳನ್ನು ಮುಂದಿಟ್ಟುಕೊಂಡು ಕೂಲಿ ಹೆಂಗಸರಿಗೆ ಅಕ್ಷರ ಕಲಿಸಿದವಳು. ಒಂದಲ್ಲ ಎರಡಲ್ಲ, ಮೂವತ್ತೊಂದು ವರ್ಷ! ಊರಿಗೆಲ್ಲ ಅವಳು ಮೊಳೆಯಮ್ಮ.

ಆದರೆ ಫಲಕದ ಒಕ್ಕಣೆಯಲ್ಲಿ ಶಾಲೆ ಕಟ್ಟಿದವರು ಮುದ್ರಣಾಲಯದ ಯಜಮಾನರು. ಮೊಳೆಯಮ್ಮ... ಬರೀ 'ಸಹಾಯಕಿ'.

"ಅಜ್ಜಿಗೆ ಎಂಬತ್ತೇಳು. ಈ ವಯಸ್ಸಲ್ಲಿ ಈ ಸುಳ್ಳು ಓದ್ಬೇಕಾ?" ಅವಳ ದನಿ ಒಡೆಯಿತು.

ಎರಕದವನ ನಗು ಮಾಯವಾಯಿತು.

"ಕಂಚಲ್ಲಿ ಕೂತ ಸುಳ್ಳನ್ನ ಆಮೇಲೆ ಯಾರೂ ತಿದ್ದೋಕಾಗಲ್ಲ. ನಗರಸಭೆಯ ಫಲಕ ಸಮಿತಿ ಸಭೆಗೆ ಹದಿನೈದು ದಿನ ಇದೆ. ಅಲ್ಲೀತನಕ ಎರಕ ಹೊಯ್ಯಲ್ಲ. ಸಾಕ್ಷಿ ಹುಡುಕೋಣ."

ಹುಡುಕೋಣ! ಹುಡುಕಿ ಅನ್ನಲಿಲ್ಲ... ಆ ಒಂದು ಮಾತು ಅವಳ ಎದೆಯಲ್ಲೇ ಉಳಿಯಿತು.

ಮರುದಿನದಿಂದ ಸಂಜೆಯಾದರೆ ಅವನು ಮನೆಗೆ ಹಾಜರು. ಅಜ್ಜಿ ಹಳೆಯ ವಿದ್ಯಾರ್ಥಿನಿಯರ ಹೆಸರು ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ನಡುನಡುವೆ ಮೊಮ್ಮಗಳತ್ತ ಒಂದು ಕಳ್ಳನೋಟ.

"ಲೋ, ಪುಸ್ತಕ ಈ ಕಡೆ ಇದೆ. ಆ ಕಡೆ ಏನೋ ಓದ್ತಿದ್ದೀಯಾ?" ಅಜ್ಜಿ ಕಿಚಾಯಿಸಿದಳು.

ಮೊಮ್ಮಗಳು ಕೆಂಪಾಗಿ ಅಡುಗೆಮನೆಗೆ ಓಡಿದಳು!

ಸಭೆಗೆ ಮೂರು ದಿನ ಇರುವಾಗ ಅವನು ಬರಲೇ ಇಲ್ಲ. ಶೆಡ್ಡಿಗೆ ಬೀಗ.

"ಯಜಮಾನರ ಮಗ ಕಾರಲ್ಲಿ ಕರ್ಕೊಂಡು ಹೋದ್ರಮ್ಮ. ಇಬ್ರೂ ನಗ್ತಾ ನಗ್ತಾ ಹೋದ್ರು," ಎಂದಳು ಎದುರಂಗಡಿಯಾಕೆ.

ನಿಂತ ನೆಲವೇ ಕುಸಿದಂತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ...? ಅವನ ಫೋನ್ ಬಂತು, ತೆಗೆಯಲಿಲ್ಲ. ಮತ್ತೆ ಮತ್ತೆ ಬಂತು. ಅಳುತ್ತಲೇ ನಂಬರ್ ಬ್ಲಾಕ್ ಮಾಡಿದಳು.

ಸಭೆಗೆ ಅಜ್ಜಿಯ ಕೈ ಹಿಡಿದು ಅವನಿಲ್ಲದೇ ಹೋದಳು. ಗಂಟಲು ಒಣಗುವವರೆಗೂ ವಾದಿಸಿದಳು.

"ಬಾಯಿಮಾತು ಸಾಲದಮ್ಮ, ಸಾಕ್ಷಿ ಬೇಕು." ಅಧ್ಯಕ್ಷರು ಕಡತ ಮುಚ್ಚಿದರು.

ಆಗಲೇ ಬಾಗಿಲು ತೆರೆಯಿತು.

ಅವನು! ಪಕ್ಕದಲ್ಲಿ ಯಜಮಾನರ ಮಗ. ಹಿಂದೆ ನಲವತ್ತಮೂರು ಹೆಂಗಸರು... ನರೆತ ತಲೆಗಳು, ಊರುಗೋಲುಗಳು, ಮುಖದ ತುಂಬ ನಗು.

"ಜಾಗ ನಮ್ಮಪ್ಪಂದು, ಶಾಲೆ ಮೊಳೆಯಮ್ಮಂದು," ಎಂದ ಯಜಮಾನರ ಮಗ. "ಅಪ್ಪ ಕೊನೇತನಕ ಹಾಗೇ ಹೇಳ್ತಿದ್ರು. ಈ ಎರಕದವರು ಬಂದು ತೋರಿಸೋತನಕ ನಾನು ಒಕ್ಕಣೆ ನೋಡೇ ಇರ್ಲಿಲ್ಲ."

ತರಕಾರಿ ಮಾರುವ ಮುದುಕಿಯೊಬ್ಬಳು ನೇರ ಮುಂದೆ ಬಂದು ಅಧ್ಯಕ್ಷರ ಪೆನ್ನನ್ನೇ ಎತ್ತಿಕೊಂಡಳು.

"ಹೆಬ್ಬೆಟ್ಟು ಒತ್ತೋಳಾಗಿದ್ದೆ ಸ್ವಾಮಿ. ಸಾಕ್ಷಿ ಬೇಕಲ್ವಾ? ತಗೊಳ್ಳಿ!"

ದುಂಡಗೆ ಸಹಿ ಹಾಕಿದಳು. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು... ಹಾಳೆ ತುಂಬಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಧ್ಯಕ್ಷರು ಎದ್ದು ನಿಂತು ಕೈಮುಗಿದರು. "ಒಕ್ಕಣೆ ಬದಲಾಗ್ಲಿ!"

ಚಪ್ಪಾಳೆಯ ನಡುವೆ ಅವಳು ಅವನ ಹತ್ತಿರ ಬಂದಳು. "ಒಂದು ಮಾತು ಹೇಳ್ಬಾರ್ದಿತ್ತಾ?"

"ಇವರನ್ನ ಹುಡುಕ್ಕೊಂಡು ಮೂರು ದಿನ ಆ ಕಾರಲ್ಲಿ ಅಲೆದ್ವಿ. ಹೇಳೋಕೆ ಹನ್ನೊಂದು ಸಲ ಫೋನ್ ಮಾಡ್ದೆ."

"ತಪ್ಪಾಯ್ತು... ಊರಿನ ತಪ್ಪೆಲ್ಲ ಕಾಣುತ್ತೆ, ನಂದೊಂದು ಕಾಣ್ಲಿಲ್ಲ."

"ನೋವಾಯ್ತು, ಸುಳ್ಳು ಹೇಳಲ್ಲ. ಆದ್ರೆ ಅಜ್ಜಿ ಮುಖ ನೋಡಿ... ಎಲ್ಲಾ ಮರೆತೋಯ್ತು."

ತಿಂಗಳು ಕಳೆದು, ಒಂದು ಬೆಳಗ್ಗೆ ಬೀದಿ ತುಂಬ ಜನ. ಪರದೆ ಸರಿಯಿತು. ಮೊಳೆಯಮ್ಮ ಬೆರಳಿಟ್ಟು, ಒಂದೊಂದೇ ಅಕ್ಷರ ಸವರುತ್ತಾ ಗಟ್ಟಿಯಾಗಿ ಓದಿದಳು. "ಈ ಕಟ್ಟಡದಲ್ಲಿ ಸಂಜೆ ಶಾಲೆ ಕಟ್ಟಿ ನೂರಾರು ಹೆಂಗಸರಿಗೆ ಅಕ್ಷರ ಕಲಿಸಿದವರು... ಮೊಳೆಯಮ್ಮ!"

ತಿರುಗಿ ನಕ್ಕಳು. "ಇಷ್ಟು ದಪ್ಪ ಅಕ್ಷರ ನಾನು ಜನ್ಮದಲ್ಲಿ ಜೋಡಿಸಿರ್ಲಿಲ್ಲ ಕಣ್ರೇ!"

ಬೀದಿಗೆ ಬೀದಿಯೇ ಕೇಕೆ ಹಾಕಿತು.

ಗದ್ದಲದಲ್ಲಿ ಅವನು ಅವಳ ಪಕ್ಕ ಬಂದು ನಿಂತ. "ಕೆಲಸ ಮುಗೀತು. ಇನ್ನು ನಿಮ್ಮನೆಗೆ ಬರೋಕೆ ನನಗೆ ನೆಪಾನೇ ಇಲ್ಲ."

ಅವಳು ಕಣ್ಣು ತಪ್ಪಿಸಲಿಲ್ಲ. "ನೀವಂದ್ರೆ ಇಷ್ಟ. ಅಷ್ಟು ಸಾಕಾಗಲ್ವಾ?"

ಅವನು ಒಂದು ಹೆಜ್ಜೆ ಹತ್ತಿರ ಸರಿದ.

"ಅಂದ್ರೆ... ದಿನಾ ಬನ್ನಿ ಅಂತೀರಾ?"

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಬನ್ನಿ ಅಲ್ಲ. ಬಾ."