ಕೆನ್ನೆಯ ಬೊಟ್ಟು

ಶ್ವೇತಳಿಗೆ ಮುಖ ಬರೆಯಲು ಬರುತ್ತಿರಲಿಲ್ಲ. ಸೀರೆಯ ನೆರಿಗೆ ಬರುತ್ತಿತ್ತು, ಜಡೆಯ ತಿರುವು ಬರುತ್ತಿತ್ತು, ಗೋಡೆಗೊರಗಿದ ಸೈಕಲ್ಲು ಕೂಡ ಬರುತ್ತಿತ್ತು. ಕಣ್ಣು ಮೂಗಿನ ಹತ್ತಿರ ಬಂದೊಡನೆ ಕೈ ಮುದುಡಿಕೊಳ್ಳುತ್ತಿತ್ತು, ನಾಲ್ಕು ಜನ ಎದುರಾದಾಗ ಅವಳೇ ಮುದುಡಿಕೊಳ್ಳುವ ಹಾಗೆ. ಮಳವಳ್ಳಿಯ ಶಾಲೆಯೊಂದಕ್ಕೆ ಡ್ರಾಯಿಂಗ್ ಮೇಡಮ್ಮಾಗಿ ತುಮಕೂರಿನಿಂದ ಬಂದವಳು ಡೈರಿಯಲ್ಲಿ ಬರೆದುಕೊಂಡಿದ್ದಳು: 'ಒಂದು ಮುಖ ಬರೆಯಲಾಗದವಳು ಮಕ್ಕಳಿಗೆ ಏನು ಕಲಿಸುತ್ತೇನೆ? ಇದು ಯಾರಿಗೂ ತಿಳಿಯದಿರಲಿ.'

ಹಾಗಾಗಿಯೇ, ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮನೆಯೊಡತಿ ದೇವಿರಮ್ಮ ಕತ್ತಲೆಕೋಣೆಯ ತಗಡಿನ ಪೆಟ್ಟಿಗೆ ತೆರೆದ ಮಧ್ಯಾಹ್ನ ಅವಳ ಉಸಿರು ನಿಂತಂತಾಯಿತು. ಒಣಗಿದ ಬೇವಿನೆಲೆಯ ಕಹಿವಾಸನೆಯ ಕೆಳಗೆ ಮುಖಗಳೇ ಮುಖಗಳು. ಹೆಂಗಸರ ಹಳೆಯ ವಾರಪತ್ರಿಕೆಯೊಂದರ ಪ್ರೇಮಕತೆಗಳಿಗೆಂದು ಕಪ್ಪು ಮಸಿಯಲ್ಲಿ ಬರೆದ ಚಿತ್ರಗಳು. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುವ ದಪ್ಪ ಜಡೆಯವಳು. ಕಾಗದ ಓದುತ್ತ ತುಟಿ ಕಚ್ಚಿಕೊಂಡವಳು. ಬೀದಿಯಲ್ಲಿ ಹೋಗುವ ಬೆಲ್‌ಬಾಟಮ್ಮಿನವನನ್ನು ಬಾಗಿಲ ಸಂದಿಯಿಂದ ನೋಡುವವಳು. ಒಬ್ಬೊಬ್ಬಳ ಎಡಗೆನ್ನೆಯ ಮೇಲೂ ಸಾಸಿವೆ ಗಾತ್ರದ ಕಪ್ಪು ಬೊಟ್ಟು.

"ನಮ್ಮಕ್ಕ ಬೆಳ್ಳಮ್ಮನ ಕೈದು. ಮದ್ವೆನೂ ಆಗ್ದಂಗೆ ಓಗ್ಬುಟ್ಳು ಪಾಪಿ," ಎಂದಳು ದೇವಿರಮ್ಮ. "ಬೇಕಾದ್ರೆ ಮಡಿಕ್ಕಂಡು ನೋಡು. ಆ ಬೊಟ್ಟ ಮಾತ್ರ ಮುಟ್ಬ್ಯಾಡ ಕಣವ್ವ. ಅದ್ರಲ್ಲಿ ಮಾಟ ಅದೆ."

ಶ್ವೇತ ನಕ್ಕಳು. "ಕಾಗದದ ಹುಡುಗಿಗೂ ದೃಷ್ಟಿ ಬೊಟ್ಟಾ ಅಜ್ಜಿ? ಪೆಟ್ಟಿಗೆಯೊಳಗೆ ಯಾರ ಕಣ್ಣು ಬೀಳುತ್ತೆ, ಜಿರಲೇದಾ?"

"ನಗು, ನಗು. ನಗಾಕೂ ಒಂದು ಮೊಕ ಬೇಕು."

ಮಂಡ್ಯದ ಕಲಾಸಂಘವೊಂದು ಹೊಸಬರಿಂದ ಚಿತ್ರಗಳನ್ನು ಕೇಳಿತ್ತು. ಆಯ್ಕೆಯಾದವರಿಗೆ ಒಂದು ಕಥಾಸಂಕಲನಕ್ಕೆ ಚಿತ್ರ ಬರೆಯುವ ಅವಕಾಶ. ಶ್ವೇತ ಮೊದಲು ಬಾಗಿಲ ಸಂದಿಯ ಹುಡುಗಿಯನ್ನು ನೋಡಿಕೊಂಡು ಬರೆಯಲು ಕುಳಿತಳು. ಬಾಗಿಲು ಬಂತು, ಮುಖ ಬರಲಿಲ್ಲ. ಹಾಳೆಯ ಮೇಲೆ ಹಾಳೆ ಹರಿದಳು. ಕೊನೆಗೆ ಬೆಳ್ಳಮ್ಮ ಬರೆದ ಆ ಚಿತ್ರವನ್ನೇ ಮೇಜಿನ ಮೇಲಿಟ್ಟಳು. ಆ ಬೊಟ್ಟೊಂದು ಇಲ್ಲದಿದ್ದರೆ ಇದು ಯಾರ ಕೈಯದು ಎಂದು ಯಾರಿಗೆ ಗೊತ್ತಾಗುತ್ತದೆ? ಹೊಸ ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಕೆರೆದಳು.

ಕೆರೆದಲ್ಲಿಂದ ಹರಳೆಣ್ಣೆ ದೀಪದ ಹೊಗೆಯ ವಾಸನೆ ಎದ್ದಿತು. ಅದರ ಬೆನ್ನಿಗೇ ಸುಟ್ಟ ಕೂದಲಿನ ಕಮಟು. ಅವಳ ಎಡಗೆನ್ನೆ ಕಟ್ಟಿರುವೆ ಕಚ್ಚಿದಂತೆ ಚುರ್ ಎಂದಿತು. ಉಜ್ಜಿಕೊಂಡು, ಚಿತ್ರದ ಕೆಳಗೆ ತನ್ನ ಹೆಸರು ಬರೆದಳು. ಆ ದಿನ ಡೈರಿಗೂ ಸುಳ್ಳು ಹೇಳಿದಳು: 'ಇವತ್ತು ನನಗೆ ಮುಖ ಬಂತು.'

ಚಿತ್ರವನ್ನು ಮಂಡ್ಯಕ್ಕೆ ಕೊಟ್ಟು ಬಂದ ಮೇಲೆ ಫೋನು ಅವಳ ಮುಖಕ್ಕೆ ತೆರೆದುಕೊಳ್ಳಲಿಲ್ಲ. ಬೆಳಕು ಸಾಲದೇನೋ ಎಂದು ಅಂಗಳಕ್ಕೆ ಬಂದು ಹಿಡಿದಳು. ಮುಖದ ಗುರುತು ಸಿಗುತ್ತಿಲ್ಲ ಎಂದಿತು. ಕನ್ನಡಿಯಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಇತ್ತು. ಶಾಲೆಯಲ್ಲಿ ಪಕ್ಕದ ಮೇಜಿನ ವೀಣ, ದಿನವೂ ಅವಳ ಡಬ್ಬಿಯಿಂದ ಉಪ್ಪಿನಕಾಯಿ ಕದಿಯುವವಳು, "ಯಾವ ಸಬ್ಜೆಕ್ಟಿಗೆ ಬಂದಿದ್ದೀರಿ ಮೇಡಂ? ಕೂತ್ಕೊಳಿ," ಎಂದು ಕುರ್ಚಿ ತೋರಿಸಿದಳು. ತಮಾಷೆ ಎಂದುಕೊಂಡು ಶ್ವೇತ ನಕ್ಕಳು. ವೀಣ ನಗಲಿಲ್ಲ.

ಶನಿವಾರ ಸಂಜೆ ಸಂಘದ ಕಾರ್ಯದರ್ಶಿ ಜಯಪ್ರಕಾಶ್ ಫೋನು ಮಾಡಿದ. "ನಿಮ್ಮ ಚಿತ್ರವೇ ಸೆಲೆಕ್ಟ್ ಆಯ್ತು ಮೇಡಂ. ಏನು ಕಣ್ಣು, ಏನು ಕಣ್ಣು! ನಾಳೆ ಬಂದ್ಬಿಡಿ." ಥ್ಯಾಂಕ್ಸ್ ಎಂದಳು. ನಾಳೆಯ ಸಮಾರಂಭದ ವಿಷಯ ಅಮ್ಮನಿಗೆ ಮೆಸೇಜು ಹಾಕಿ, ತಡೆಯಲಾರದೆ ವೀಡಿಯೋ ಕಾಲ್ ಮಾಡಿದಳು.

ಅಮ್ಮ ದಿಟ್ಟಿಸಿ ನೋಡಿದಳು. ಹೊರಗಿನವರ ಎದುರು ಮಾಡುವಂತೆ ಸೆರಗು ಸರಿಮಾಡಿಕೊಂಡಳು.

"ಯಾರಮ್ಮ ನೀವು? ನಮ್ಮ ಹುಡುಗಿ ಫೋನು ನಿಮ್ಮ ಕೈಗೆ ಹೆಂಗೆ ಬಂತು? ಮಾತಾಡಿ. ಅವಳಿಗೆ ಏನಾಯ್ತು?"

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಶ್ವೇತ ತನ್ನ ಮುಖ ಹುಡುಕಿದಳು. ಅಮ್ಮ ಅಳುತ್ತಿದ್ದಂತೆಯೇ ಕರೆ ಕತ್ತರಿಸಿ ಕನ್ನಡಿಗೆ ಓಡಿದಳು.

ಹುಬ್ಬುಗಳಿರಲಿಲ್ಲ. ಮೂಗಿನ ಅಂಚು ರಬ್ಬರಿನಲ್ಲಿ ಉಜ್ಜಿದ ಪೆನ್ಸಿಲ್ ಗೆರೆಯಂತೆ ಮಾಸಿತ್ತು. ಕೆನ್ನೆ ಮುಟ್ಟಿದಳು. ಒರಟು. ಕೆರೆದ ಕಾಗದದ ಒರಟು. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಸರ್, ಸರ್. ಬ್ಲೇಡಿನ ಸದ್ದು. ಸದ್ದು ಕೋಣೆಯಲ್ಲಿರಲಿಲ್ಲ. ಅವಳ ಚರ್ಮದಲ್ಲಿತ್ತು.

ಮೆಟ್ಟಿಲಿಳಿದು ಓಡಿದಳು. ದೇವಿರಮ್ಮ ದೀಪ ಎತ್ತಿ ಹಿಡಿದು ಹಿಂದೆ ಸರಿದಳು. "ಯಾರವ್ವ ನೀನು? ಏಳ್ದೆ ಕೇಳ್ದೆ ಒಳಿಕ್ ನುಗ್ತಿದ್ದೀಯಲ್ಲ!"

"ಅಜ್ಜಿ, ನಾನು... ಬೊಟ್ಟು ಕೆರೆದುಬಿಟ್ಟೆ."

ದನಿಯಿಂದ ಗುರುತು ಹತ್ತಿತು. ಮುದುಕಿ ಹಣೆ ಚಚ್ಚಿಕೊಂಡಳು.

"ದೃಷ್ಟಿ ಬೊಟ್ಟು ಅಂದ್ಕಂಡ್ಯಾ? ಅದು ಅವಳ ರುಜು ಕಣೇ! ಗಂಡು ಎಣ್ಣು ಕೈ ಕೈ ಇಡ್ದಿರ ಚಿತ್ರನ ಎಣ್ಮಗ ಬರ್ದವಳೆ ಅಂದ್ರೆ ಯಾವನವ್ವ ಮದ್ವೆ ಆದಾನು? ಅದ್ಕೆ ನಮ್ಮಣ್ಣ ಸಿವಣ್ಣನ ಎಸ್ರಲ್ಲಿ ಕಳಿಸೋರು. ಅವ್ಳು ಒಂದು ಬೊಟ್ಟಿಟ್ಟು ಸುಮ್ಕಿದ್ಲು. ಕಲೆ ಕಾಣ್ತದೆ ಅಂತ ಅವ್ನು ಅದ್ನೂ ಕೆರ್ದಾಕ್ದ. ಅವತ್ತು ತನ್ನ ಕೂದ್ಲ ಸುಟ್ಟು, ಅಳ್ಳೆಣ್ಣೆ ದೀಪದ ಕಪ್ಗೆ ಬೆರ್ಸಿ, ಎಲ್ಲಾ ಬೊಟ್ಗೂ ತೀಡ್ಬುಟ್ಟು ಅಂದ್ಲು: ನನ್ನ ಬೊಟ್ಟಳಿಸ್ದೋರ ಮೊಕ ಅಳ್ಸೋಗ್ಲಿ."

"ನಿಮ್ಮಣ್ಣ?"

"ಎಂಡ್ತಿ ಬಾಗ್ಲು ತೆಗ್ದು, ಯಾವೂರಯ್ಯ ನಿಂದು ಅಂದ್ಳು. ನಾಕು ಜನ್ರ ಮುಂದೆ ಅಕ್ಕನ ಎಸ್ರ ಏಳ್ಬುಡಣ್ಣ, ಮೊಕ ಬತ್ತದೆ ಅಂತ ಕೈ ಮುಗ್ದೆ. ಮರ್ವಾದೆ ಓಯ್ತದೆ ಅಂದ. ಆಮೇಕೆ ಬಾಯೂ ಓಯ್ತು." ಮುದುಕಿ ದೀಪವನ್ನು ಅವಳ ತುಟಿಯ ಹತ್ತಿರ ತಂದಳು. "ನಿನ್ಗಿನ್ನೂ ಬಾಯದೆ."

ಭಾನುವಾರ ಮುಖಕ್ಕೆ ವೇಲು ಸುತ್ತಿಕೊಂಡು ಮಂಡ್ಯದ ಬಸ್ಸು ಹತ್ತಿದಳು. ದಾರಿಯ ಆಲೆಮನೆಗಳ ಹೊಗೆ ಕಿಟಕಿಯೊಳಗೆ ನುಗ್ಗಿತು. ಬೆಲ್ಲದ ವಾಸನೆ ಬರಲಿಲ್ಲ. ಯಾವ ವಾಸನೆಯೂ ಬರಲಿಲ್ಲ.

ಸಭಾಂಗಣದಲ್ಲಿ ಚಿತ್ರಕ್ಕೆ ಗಾಜು ಹಾಕಿ ನೇತುಹಾಕಿದ್ದರು. ಅದರ ಮುಂದೆ ಅಮ್ಮ ನಿಂತಿದ್ದಳು. ಕೆದರಿದ ತಲೆ, ಕೈಯಲ್ಲಿ ಫೋನು. ಸಿಕ್ಕಸಿಕ್ಕವರಿಗೆಲ್ಲ ಅದರಲ್ಲಿದ್ದ ಮಗಳ ಫೋಟೋ ತೋರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಚಿತ್ರದತ್ತ ತಿರುಗಿ ಚೀರಿದಳು. "ಇವಳೇ! ಇವಳೇ ನನ್ನ ಮಗಳು!"

ಬಾಗಿಲ ಸಂದಿಯಿಂದ ನೋಡುತ್ತಿದ್ದದ್ದು ಶ್ವೇತಳ ಕಣ್ಣು. ಶ್ವೇತಳ ಹುಬ್ಬು. ಶ್ವೇತ ಚಿಕ್ಕಂದಿನಲ್ಲಿ ಬಿದ್ದು ಮಾಡಿಕೊಂಡ ಮೂಗಿನ ಗಾಯ ಕೂಡ. ಗಾಜಿನ ಮೇಲೆ, ಅಮ್ಮನ ಹೆಗಲ ಹಿಂದೆ, ಸರಿದ ವೇಲಿನೊಳಗೆ ಅವಳ ಮುಖವಿರಬೇಕಾದಲ್ಲಿ ಒಂದು ಖಾಲಿ ಹಾಳೆ ಕಾಣುತ್ತಿತ್ತು. ಅದರಲ್ಲಿ ಬಾಯಿ ಒಂದೇ ಉಳಿದಿತ್ತು.

"ಕಲಾವಿದೆ ಶ್ವೇತ ಅವರು ವೇದಿಕೆಗೆ ಬರಬೇಕು," ಎಂದು ಜಯಪ್ರಕಾಶ್ ಮೈಕಿನಲ್ಲಿ ಕರೆದ.

ಅವಳು ಹತ್ತಿದಳು. ಅವನು ಕೈ ಅಡ್ಡ ಹಿಡಿದ. "ಸ್ವಲ್ಪ ಆ ಕಡೆ ನಿಂತ್ಕೊಳಿಮ್ಮ. ಮೇಡಂ ಬರ್ತಾರೆ."

ಸರ್. ಮತ್ತೆ ಬ್ಲೇಡು. ತುಟಿಯ ಎಡ ಅಂಚು ಉರಿಯಿತು. ಸರ್. ಬಲ ಅಂಚು. ಹೇಳಿದರೆ ಅಮ್ಮನಿಗೆ ಮಗಳು ಸಿಗುತ್ತಾಳೆ. ಆದರೆ ಕಳ್ಳಿಯಾಗಿ ಸಿಗುತ್ತಾಳೆ. ತುಂಬಿದ ಸಭೆಯ ಕಣ್ಣುಗಳು. ಸರ್. ಸರ್. ನೋಟ ಮಂಜಾಯಿತು. ಸಭೆ ಮಾಸಿತು. ಅಮ್ಮ ಮಾಸಿದಳು. ಬಾಯಿ ಹೊಲಿದಂತೆ ಬಿಗಿಯುತ್ತಿತ್ತು. ಶ್ವೇತ ಮೈಕು ಕಿತ್ತುಕೊಂಡಳು.

"ಈ ಚಿತ್ರ ನನ್ನದಲ್ಲ. ಬರೆದವರು ಮಳವಳ್ಳಿಯ ಬೆಳ್ಳಮ್ಮ."