ಟೇಪಿಗೆ ಸವರಿದ ಉಪ್ಪು

ಪ್ರದರ್ಶನದ ಆಹ್ವಾನದಲ್ಲಿ ಸಂಶೋಧಕರೆಂದು ನಿರ್ದೇಶಕ ನಂಜುಂಡಸ್ವಾಮಿಯವರ ಹೆಸರೊಂದೇ ಇತ್ತು. ಷಡಕ್ಷರಿಗೆ ಸಿಟ್ಟೂ ಬರಲಿಲ್ಲ, ಸಾಕಾಗಿಹೋಗಿತ್ತು. ಜಯಲಕ್ಷ್ಮಿಪುರಂನ ಆ ಸಣ್ಣ ಪ್ರಯೋಗಾಲಯದಲ್ಲಿ ತಲೆಗೂದಲು ನರೆಯುವವರೆಗೆ ಕೂತು ಅವನು ಮಾಡಿದ್ದು ಒಂದು ವಿಚಿತ್ರ ಉಪ್ಪು. ಕಾಯಿಸದೆಯೇ ದ್ರವವಾಗಿರುವ, ಎಷ್ಟು ವರ್ಷ ಇಟ್ಟರೂ ಆವಿಯಾಗದ ಉಪ್ಪು. ಅಯಾನಿಕ್ ದ್ರವ ಎನ್ನುತ್ತಾರೆ. ಕಂಪ್ಯೂಟರ್ ಮಾಹಿತಿ ಕೂಡಿಡುವ ಕಾಂತೀಯ ಟೇಪಿಗೆ ಅದನ್ನು ತೆಳ್ಳಗೆ ಸವರಿದರೆ, ಟೇಪು ಯಂತ್ರದೊಳಗೆ ಉಜ್ಜದೆ ಜಾರುತ್ತದೆ. ಸವರದಿದ್ದರೆ ಕಿರುಗುಟ್ಟಿ ನಿಲ್ಲುತ್ತದೆ.

"ನಂದೂ ಹೆಸರು ಹಾಕಿ ಸಾರ್," ಎಂದು ಕೇಳಿದ್ದ.

"ಮುಂದಿನ ಸಲ ನೋಡೋಣ ಕಣಯ್ಯ," ಎಂದಿದ್ದರು ಅವರು, ಫೋನಿನಿಂದ ತಲೆ ಎತ್ತದೆ.

ಉಪಾಯ ಸರಳವಾಗಿತ್ತು. ಉಪ್ಪು ಸವರಿದ ಕ್ಯಾಸೆಟ್ಟನ್ನು ದಸರೆಗೆ ಮೊದಲೇ ರಾಜೀವನಗರದ ಮನೆಗೆ ಒಯ್ದು, ಅದರ ಜಾಗದಲ್ಲಿ ಏನೂ ಸವರದ ಇನ್ನೊಂದನ್ನು ಇಟ್ಟ. ದಸರೆ ಮುಗಿದ ಮೇಲೆ ಟೇಪು ಕಂಪನಿಯವರ ಮುಂದೆ ಪ್ರದರ್ಶನ. ನಿರ್ದೇಶಕರ ಕೈಯಲ್ಲಿ ಕೆಡಬೇಕು, ತನ್ನ ಕೈಯಲ್ಲಿ ಸರಿಹೋಗಬೇಕು. ಉಪ್ಪು ಯಾರದೆಂದು ಬಂದವರೇ ತಿಳಿದುಕೊಳ್ಳುತ್ತಾರೆ. ಅಂಟುಚೀಟಿಯ ಮೇಲಿನ ಬರಹ, ಮೂಲೆಯ ಗೀರು, ಎಲ್ಲವನ್ನೂ ತದ್ರೂಪು ನಕಲು ಮಾಡಿದ್ದ. ಇಂಥ ಕೆಲಸಕ್ಕೂ ಇಷ್ಟು ಶ್ರದ್ಧೆಯೇ ಎಂದು ತನ್ನ ಮೇಲೇ ಬೇಸರವಾಯಿತು.

ಅಂದುಕೊಂಡಂತೆಯೇ ನಡೆಯಿತು. ಟೇಪು ಕಿರುಗುಟ್ಟಿತು, ಯಂತ್ರ ನಿಂತಿತು, ನಂಜುಂಡಸ್ವಾಮಿಯವರ ಮುಖ ಬಿಳಿಚಿಕೊಂಡಿತು.

"ಕೊಡಿ ಸಾರ್, ತುದಿ ಒಂದಿಷ್ಟು ಹಾಳಾಗಿದೆ ಅಷ್ಟೇ. ಇನ್ನೊಂದ್ಸಲ ಸವರಿ ತರ್ತೀನಿ," ಎಂದ ಷಡಕ್ಷರಿ. ತನ್ನ ಕೋಣೆಗೆ ಹೋಗಿ ಅದನ್ನು ಚೀಲಕ್ಕೆ ತುರುಕಿ, ಸವರಲು ಬೇಕಾದಷ್ಟು ಹೊತ್ತು ಕಳೆದು, ಬೆಳಿಗ್ಗೆ ಮನೆಯಿಂದ ತಂದಿಟ್ಟಿದ್ದ ಅಸಲಿಯನ್ನು ಹಿಡಿದು ಹೊರಬಂದ. ಯಂತ್ರ ಸದ್ದಿಲ್ಲದೆ ಓಡಿತು. "ಹಾಗಾದ್ರೆ ಇದನ್ನ ಮಾಡಿದ್ದು ನೀವು!" ಎಂದು ಕಂಪನಿಯ ಹಿರಿಯರೊಬ್ಬರು ಎದ್ದು ಬಂದು ಕೈ ಹಿಡಿದುಕೊಂಡರು. ಇಷ್ಟು ವರ್ಷಕ್ಕೆ ಇಷ್ಟಾದರೂ ಆಯಿತಲ್ಲ ಎಂದು ಅವನ ಕಣ್ಣು ತುಂಬಿತು.

ಸಹೋದ್ಯೋಗಿ ಪವಿತ್ರ ಕ್ಯಾಸೆಟ್ಟನ್ನು ಹೊರತೆಗೆದು ತಿರುಗಿಸಿ ನೋಡಿದಳು. "ಸಾರ್, ಆಯುಧಪೂಜೆ ದಿನ ಇದಕ್ಕೆ ನಾನೇ ಕುಂಕುಮ ಕಲೆಸಿ ಬೊಟ್ಟಿಟ್ಟಿದ್ದೆ. ಚೀಟಿಗೇ ಹೀರ್ಕೊಂಡಿತ್ತು, ಒರೆಸಿದ್ರೂ ಹೋಗೋದಲ್ಲ. ಆಗ ಯಂತ್ರಕ್ಕೆ ಹಾಕುವಾಗ್ಲೂ ಇತ್ತಲ್ಲ, ಈಗ ಎಲ್ಲಿ ಹೋಯ್ತು?" ನಕಲಿಯ ಮೇಲಿದ್ದ ಆ ಬೊಟ್ಟನ್ನು ಷಡಕ್ಷರಿಯೂ ನೋಡಿದ್ದ. ದಸರೆ ಕಳೆದ ಮೈಸೂರಿನಲ್ಲಿ ಸ್ಕೂಟರಿಗೆ, ಫ್ಯಾನಿನ ಸ್ವಿಚ್ಚಿಗೆ, ಬೀರುವಿನ ಬೀಗಕ್ಕೆ, ಎಲ್ಲಕ್ಕೂ ಬೊಟ್ಟು. ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ. ನಂಜುಂಡಸ್ವಾಮಿಯವರು ಅವನ ಕೋಣೆಯತ್ತ ನಡೆದರು. "ಉಪ್ಪು ನಂದೇ ಸಾರ್," ಎಂದ ಷಡಕ್ಷರಿ. ಅದು ನಿಜವಾಗಿತ್ತು. ಕಂಪನಿಯ ಹಿರಿಯರು ಆಗಲೇ ಅವನ ಕೈ ಬಿಟ್ಟಿದ್ದರು.